ತೇಗದ ಸಂದು

ಇಲವಾಲ ದಾಟಿ ಎಡಕ್ಕೆ, ಇಟ್ಟಿಗೆಗೂಡಿನ ಹಿಂದೆ
ತೇಗದ ತೋಪು. ಭಾನುವಾರ, ಆರೂವರೆ.
ಇರ್ಷಾದ್ ಗಾಡಿಗೆ ಸ್ಟ್ಯಾಂಡ್ ಹಾಕಿ
ಡಿಸ್ಕಿನ ಚೀಲ ಹೆಗಲಿಗೇರಿಸುತ್ತಾನೆ,
ಶಾಲೆಗೆ ತಡವಾದ ಹುಡುಗನ ಹಾಗೆ.
ಮಾರಿಲಿಂಗ ಆಗಲೇ ಒಂದನೇ ಟೀಯಲ್ಲಿ ನಿಂತು
ಗಾಳಿ ನೋಡಲು ತರಗೆಲೆ ಪುಡಿಮಾಡಿ ತೂರುತ್ತಿದ್ದಾನೆ.
ಗಾಳಿಯೇ ಇಲ್ಲ. ಅದು ಅವನಿಗೂ ಗೊತ್ತು.

ಹದಿನೆಂಟು ಬುಟ್ಟಿ. ಮಂಡಿ ಮೊಹಲ್ಲಾದ ವೆಲ್ಡರ್
ಹಳೆ ಸೈಕಲ್ ಚೈನು ಕೊಯ್ದು ಇಳಿಬಿಟ್ಟು ಮಾಡಿದ್ದು.
ಬಿದ್ದರೆ ಝಲ್ ಅನ್ನಬೇಕು;
ಇವು ಕರಕರ ಅನ್ನುತ್ತವೆ, ತುಕ್ಕಿನ ಕೆಮ್ಮು.
ಆ ಕೆಮ್ಮಿಗಾಗಿಯೇ ನಾನು ವಾರವಿಡೀ
ರೈಲ್ವೆ ವರ್ಕ್‌ಶಾಪಿನ ಸ್ಟೋರಿನಲ್ಲಿ
ಬೋಲ್ಟು ಎಣಿಸುತ್ತ ಕಾಯುವುದು.

ಮೊದಲ ವರ್ಷ ಸುಖವಿತ್ತು.
ಮರ ಅಂದರೆ ಮರ, ಎಸೆದರೆ ಎಸೆದೆ,
ತಗುಲಿದರೆ ನಕ್ಕೆ.
ಈಗ ನಾಲ್ಕನೆಯ ವರ್ಷ. ಈಗ ಸಂದು ಕಾಣುತ್ತದೆ.
ಏಳನೆಯ ಟೀಯಲ್ಲಿ ನಿಂತರೆ
ಎರಡು ತೇಗದ ನಡುವೆ, ಆಮೇಲೆ ಬಾಗಿದ ಹೊಂಗೆಯ ಕೆಳಗೆ,
ಆಮೇಲೆ ಎಡಕ್ಕೆ ಹೊರಳಿ, ಹುತ್ತವನ್ನು ಬಳಸಿ,
ದಾರ ಪೋಣಿಸಿಟ್ಟ ಹಾಗೆ ದಾರಿ.
ಕಣ್ಣು ಬುಟ್ಟಿ ಮುಟ್ಟಿ ವಾಪಸು ಬಂದು
‘ಇಷ್ಟೇ’ ಅನ್ನುತ್ತದೆ.
ಕೈಗೆ ಕನ್ನಡ ಬರುವುದಿಲ್ಲ.

ಠಪ್.
ಎಡಗಡೆಯ ತೇಗ. ಯಾವಾಗಲೂ ಎಡಗಡೆಯದೇ.
ಅದರ ತೊಗಟೆಯ ಮೇಲೆ ನನ್ನ ಹಾಜರಿ ಪುಸ್ತಕ:
ನೀಲಿ ಗೀರು, ಕೇಸರಿ ಗೀರು,
ಇವತ್ತಿನದು ಹಳದಿ, ಇನ್ನೂ ಹಸಿ.

“ಮೊಣಕೈ ಬೇಗ ಬಿಚ್ಚಿದೆ ಕಣೋ,” ಇರ್ಷಾದ್.
“ಸೊಂಟ ತಿರುಗಲೇ ಇಲ್ವಲ್ಲ,” ಮಾರಿಲಿಂಗ.
ಇಬ್ಬರೂ ಸರಿ. ಅದೇ ಕಷ್ಟ.
ಹೇಳಿದ್ದೆಲ್ಲ ಅರ್ಥವಾಗುತ್ತದೆ ನನಗೆ,
ನಾನೇ ಹೊಸಬರಿಗೆ ಹೇಳಿಕೊಡುತ್ತೇನೆ ಕೂಡ,
ಅದೇ ಮೊಣಕೈ, ಅದೇ ಸೊಂಟ,
ಅವರಿಗೆ ಬಂದುಬಿಡುತ್ತದೆ.

ತರಗು ಗುಡಿಸಲು ಬರುವ ಚಿಕ್ಕತಾಯಮ್ಮ
ಪೊರಕೆ ನಿಲ್ಲಿಸಿ ನೋಡುತ್ತಿದ್ದಳು.
“ಎಲ್ಲಾನೂ ಮರಕ್ಕೆ ಸರ್ಯಾಗೇ ಬೀಳ್ತಾವಲ್ಲಪ್ಪ,
ಆ ಕಬ್ಣದ ಬುಟ್ಟಿ ಯಾಕ್ ಮಡಗಿದ್ದೀರಿ ಸುಮ್ಕೆ?”
ಮಾರಿಲಿಂಗ ನಗು ತಡೆಯಲಾರದೆ ಕೂತೇಬಿಟ್ಟ.

ಅವಳ ಬಿಂದಿಗೆಗೆ ಮುಚ್ಚಳವಾಗಿ
ಒಂದು ಕೇಸರಿ ಡಿಸ್ಕ್.
ಅಂಚಿನಲ್ಲಿ ನನ್ನದೇ ಹೆಸರು, ನನ್ನದೇ ನಂಬರು.
ಹೋದ ಶ್ರಾವಣದಲ್ಲಿ ಒಂಬತ್ತನೆಯದರ ಲಂಟಾನದೊಳಗೆ ಕಳೆದದ್ದು,
ಟಾರ್ಚು ಹಿಡಿದು ಹುಡುಕಿದ್ದು,
‘ನೀನು ಸರಿಯಾಗಿ ನೋಡಲಿಲ್ಲ’ ಎಂದು ಇರ್ಷಾದನ ಜತೆ
ಎರಡು ವಾರ ಮಾತು ಬಿಟ್ಟದ್ದು.
“ನಿಂದಾ? ತಕೊ,” ಎಂದು ಎತ್ತಿದಳು.
ಬಿಂದಿಗೆಯ ಬಾಯಿ ಕಂಡಿತು, ಒಳಗೆ ನೀರು,
ನೀರಿನಲ್ಲಿ ಒಂದಿಷ್ಟು ತೇಗ.
“ಬೇಡ, ಅಳತೆ ಸರಿಯಾಗಿದೆ,” ಅಂದೆ.
ನಾನು ಎಸೆದದ್ದು ಯಾವುದೂ ಎಲ್ಲೂ
ಅಷ್ಟು ಸರಿಯಾಗಿ ಕೂತದ್ದಿಲ್ಲ.

ಹತ್ತರಲ್ಲಿ ಬೋಗಿ. ಹನ್ನೊಂದರ ಲೆಕ್ಕ ಬೇಡ.
ಹನ್ನೆರಡರಲ್ಲಿ ಕೆಂಜಿಗದ ಸಾಲಿಗೆ ಕಾಲಿಟ್ಟು
ಮೂರು ಹೆಜ್ಜೆಯ ಪಟ್ ತಪ್ಪಿಸಿದೆ.

ಹದಿನಾಲ್ಕು. ಕವಲೊಡೆದ ಮತ್ತಿಮರ,
ಕವಲಿನೊಳಗಿಂದಲೇ ಹೋಗಬೇಕು, ಮೊರದಷ್ಟು ಜಾಗ.
ಯೋಚಿಸಲಿಲ್ಲ. ಮೂಗಿನ ಮೇಲೆ ನೊಣ ಕೂತಿತ್ತು,
ಅದನ್ನು ಊದುತ್ತ ಕೈ ಬಿಟ್ಟೆ.
ಹೋಯಿತು.
ಒಂದು ಎಲೆ ಅಲುಗಲಿಲ್ಲ.
ಕವಲು ದಾಟಿ, ತಾನಾಗಿಯೇ ಎಡಕ್ಕೆ ವಾಲಿ, ಕಾಣೆ.
ಆಮೇಲೆ ದೂರದಲ್ಲಿ ಆ ತುಕ್ಕಿನ ಕೆಮ್ಮು,
ಕೊಡಗಿನ ಬಸ್ಸಿನ ಹಾರ್ನಿನ ಅಡಿಯಲ್ಲಿ,
ನನಗೊಬ್ಬನಿಗೆ.

ತಿರುಗಿ ನೋಡಿದೆ.
ಇರ್ಷಾದ್ ಬಗ್ಗಿ ಲೇಸು ಕಟ್ಟುತ್ತಿದ್ದ.
ಮಾರಿಲಿಂಗ ಪೊದೆಯ ಮರೆಗೆ ಹೋಗಿದ್ದ.
ಚಿಕ್ಕತಾಯಮ್ಮ ತರಗಿನ ಹೊರೆ ಹೊತ್ತು
ರಸ್ತೆ ಮುಟ್ಟಿಯಾಗಿತ್ತು.

“ಎಲ್ಲಿಗೆ ಹೋಯ್ತೋ?” ಇರ್ಷಾದ್ ಎದ್ದು ಕೇಳಿದ,
ರೂಢಿಯಂತೆ ಲಂಟಾನದ ಕಡೆಗೇ ನಡೆಯುತ್ತ.
ನಾನೂ ಏನೂ ಹೇಳದೆ
ಸ್ವಲ್ಪ ಹೊತ್ತು ಅವನ ಜತೆ
ಮುಳ್ಳು ಸರಿಸಿ ಹುಡುಕಿದೆ.